ಹಳೆಯ ದೂರದರ್ಶನದ ಪೆಟ್ಟಿಗೆಯೊಡನೆ ದಾಬಸ್‌ಪೇಟೆಗೆ

ಬೆಂಗಳೂರಿನ ಪುರಭವನದ ಸಮೀಪದಲ್ಲಿರುವ ಸಾದರ ಪತ್ರಪ್ಪ ರಸ್ತೆಯನ್ನು ಊರಿನವರು ಎಸ್. ಪಿ. ರೋಡ್ ಎಂದೇ ಕರೆಯುತ್ತಾರೆ. ವಿದ್ಯುದ್ಯಂತ್ರಗಳ ಬಿಡಿಭಾಗಗಳಲ್ಲಿ ಅಲ್ಲಿ ದೊರೆಯದಿರುವುದು ಅಪರೂಪ. ತಂತಿಯ ಸುರುಳಿಗಳೂ ಗಣಕಯಂತ್ರದ ಹಲಗೆಗಳೂ ಇಕ್ಕಟ್ಟಾದ ಅಂಗಡಿಗಳಲ್ಲಿ ಸೂರು ಮುಟ್ಟುವಂತೆ ಪೇರಿಸಿಕೊಂಡಿರುತ್ತವೆ. ಹೊಸದನ್ನು ಕೊಳ್ಳಲು ಹೋದವರಿಗೆ ಅಲ್ಲಿ ಸ್ವಾಗತವುಂಟು. ಹಳೆಯದನ್ನು ಕೊಟ್ಟು ಕೈ ತೊಳೆದುಕೊಳ್ಳಬೇಕೆಂದು ಹೋದವರ ಅನುಭವವೇ ಬೇರೆ. ನಾವು ಹೊತ್ತೊಯ್ದಂಥ ವಸ್ತು ಇಂದಿಗೂ ಅನೇಕರ ಮನೆಯ ಅಟ್ಟದ ಮೇಲೆ ಕುಳಿತಿರುವುದರಿಂದ, ಆ ಪ್ರಯಾಣದ ವೃತ್ತಾಂತವನ್ನು ವಾಚಕರ ಮುಂದಿಡಲು ಧೈರ್ಯಮಾಡಿದ್ದೇವೆ.

ಆ ವಸ್ತು 29 ಅಂಗುಲದ ಹಳೆಯ ದೂರದರ್ಶನದ ಪೆಟ್ಟಿಗೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಆರಂಭವಾದುದು 1981ರಲ್ಲಿ. ಬಣ್ಣದ ಚಿತ್ರ ನಮ್ಮ ದೇಶಕ್ಕೆ ಬಂದುದು 1982ರಲ್ಲಿ. 1987ರಲ್ಲಿ ರಾಮಾಯಣದ ಪ್ರಸಾರ ಮೊದಲಾದಾಗ, ಭಾನುವಾರ ಬೆಳಗ್ಗೆ ಇಂಥ ಪೆಟ್ಟಿಗೆಗೆ ಹೂವೇರಿಸಿ ಆರತಿ ಎತ್ತಿದ ಗೃಹಿಣಿಯರುಂಟು. ಗೋಡೆಗೆ ತಗಲಿಸುವ ತೆಳುವಾದ ಪರದೆ ಬಂದಮೇಲೆ ಆ ದೇವರೇ ಮನೆಗೆ ಭಾರವಾಯಿತು. ಅಮರಕೋಶದಲ್ಲಿ ನೂರು ಪಲವೆಂದರೆ ಒಂದು ತುಲೆ, ಇಪ್ಪತ್ತು ತುಲೆಯೆಂದರೆ ಒಂದು ಭಾರ. ಅಮರಸಿಂಹನ ಲೆಕ್ಕಕ್ಕೆ ನಮ್ಮ ಪೆಟ್ಟಿಗೆ ಒಂದು ಭಾರವಾಗುತ್ತಿರಲಿಲ್ಲ. ಆದರೆ ಮಹಡಿಯ ಮೆಟ್ಟಿಲಿನಲ್ಲಿ ಅದನ್ನು ಇಳಿಸಿದ ಇಬ್ಬರು ಆಳುಗಳು ಈ ವ್ಯಾಖ್ಯಾನವನ್ನು ಒಪ್ಪಲಾರರು. ಮುಂಭಾಗದ ಗಾಜೇ ಎಲ್ಲಕ್ಕಿಂತ ಭಾರವಾದುದರಿಂದ ಅದು ಹಿಡಿದವರ ಎದೆಯ ಮೇಲೆಯೇ ವಾಲುತ್ತದೆ.

ಮೊದಲು ಬೀದಿಯ ಕಸದ ಗಾಡಿಯವರನ್ನು ಕೇಳಿದೆವು. ಕೈಯಾಡಿಸಿ ಮುಂದಕ್ಕೆ ಹೋದರು. ಪೆಟ್ಟಿಗೆಯನ್ನು ಮಾರಿದ್ದ ಅಂಗಡಿಯವರು, ಹೊಸದನ್ನು ಕೊಂಡರೆ ಹಳೆಯದನ್ನು ಒಯ್ಯುವೆವೆಂದರು. ಹೊಸದನ್ನು ನಮ್ಮ ಅಳಿಯಂದಿರು ಬೇರೆಡೆ ಆಗಲೇ ಕೊಂಡಾಗಿತ್ತು. ತಯಾರಿಸಿದ ಕಂಪನಿಗೆ ದೂರವಾಣಿ ಮಾಡಿದರೆ, ಒಂದನ್ನು ಒತ್ತಿರಿ, ಎರಡನ್ನು ಒತ್ತಿರಿ ಎಂಬ ಸ್ತ್ರೀಧ್ವನಿಯ ಹೊರತು ಮನುಷ್ಯಮಾತ್ರದವರು ದೊರೆಯಲಿಲ್ಲ. ಇದಕ್ಕೆ ನಿಯಮವಿಲ್ಲವೆಂದಲ್ಲ. ತಯಾರಿಸಿದವರೇ ಹಳೆಯ ಯಂತ್ರಗಳ ವಿಲೇವಾರಿಗೂ ಹೊಣೆಗಾರರೆಂಬ ತತ್ತ್ವವು 2012ರ ಮೇ ತಿಂಗಳಿನಿಂದಲೇ ಜಾರಿಯಲ್ಲಿದೆ. 2016ರಲ್ಲಿ ನಿಯಮಗಳು ತಿದ್ದುಪಡಿಯಾಗಿ ಹೊರಬಂದುವು. 2022ರಲ್ಲಿ ಮತ್ತೆ ಹೊಸದಾಗಿ ರಚಿತವಾದವು 2023ರ ಏಪ್ರಿಲ್ 1ರಿಂದ ನಡೆಯುತ್ತಿವೆ. ಸೂತ್ರವೂ ಭಾಷ್ಯವೂ ಇವೆ. ಪೆಟ್ಟಿಗೆ ಮಾತ್ರ ನಮ್ಮ ಜಗುಲಿಯ ಮೇಲೆಯೇ ಇತ್ತು.

ಕೊನೆಗೆ ಒಂದು ಗೂಡ್ಸ್ ಆಟೋ ಗೊತ್ತುಮಾಡಿಕೊಂಡು ಎಸ್. ಪಿ. ರೋಡಿಗೆ ಹೋದೆವು. ಅಲ್ಲಿ ಯಾರೂ ಅದನ್ನು ತಿರುಗಿ ನೋಡಲಿಲ್ಲ. ಒಬ್ಬರು ಜಾಲಿ ಮೊಹಲ್ಲಾಕ್ಕೆ ಹೋಗುವಂತೆ ಸೂಚಿಸಿದರು. ಅದು ಗುಜರಿ ವ್ಯಾಪಾರದ ಕೇರಿ. ಕಾಗದ, ಕಬ್ಬಿಣ, ಪ್ಲಾಸ್ಟಿಕ್ ಮೊದಲಾದುವೆಲ್ಲ ಅಲ್ಲಿ ಜಾತಿವಾರಾಗಿ ಬೇರ್ಪಟ್ಟು, ಮೂಟೆಕಟ್ಟಿ, ತಕ್ಕಡಿಗೇರುತ್ತವೆ. ನಾವು ಎಸೆದುದರಿಂದ ಅನ್ನ ಹುಟ್ಟಿಸುವ ಆ ಜನರ ಶ್ರಮವನ್ನು ಕಂಡರೆ ಗೌರವವುಂಟಾಗುತ್ತದೆ.

ವ್ಯಾಪಾರಿಯು ಪೆಟ್ಟಿಗೆಯ ಬೆನ್ನನ್ನೊಮ್ಮೆ ತಟ್ಟಿ, "ಸಾಮಿ, ಒಳಗಿನ ತಾಮ್ರ, ಬೋರ್ಡು ಕೊಡಿ, ದುಡ್ಡು ಕೊಡ್ತೀನಿ. ಗಾಜು ನೀವೇ ತಗೊಂಡು ಹೋಗಿ" ಎಂದನು.

"ಬೇರೆಯವರ ಗಾಜನ್ನು ಏನು ಮಾಡುವಿರಪ್ಪ?" ಎಂದೆವು.

"ಒಡೆದು ಮೂಟೆ ಕಟ್ತೀವಿ. ರಾತ್ರಿ ಗಾಡಿಯವನು ಊರ ಹೊರಗೆ ಎಲ್ಲಾದ್ರೂ ಸುರಿದು ಬರ್ತಾನೆ."

ಅವನ ಹಿಂದೆಯೇ ಒಬ್ಬ ಯುವಕನು ಕುಕ್ಕರುಗಾಲಿನಲ್ಲಿ ಕುಳಿತು, ಬೇರೊಂದು ಚಿತ್ರಕೊಳವೆಯ ಕುತ್ತಿಗೆಯನ್ನು ಸುತ್ತಿಗೆಯಿಂದ ಮುರಿದನು. ಕೊಳವೆಯೊಳಗೆ ಗಾಳಿಯಿರುವುದಿಲ್ಲ, ಹೊರಗಿನ ಗಾಳಿ ಬುಸ್ಸೆಂದು ನುಗ್ಗಿತು. ಕುತ್ತಿಗೆಗೆ ಸುತ್ತಿದ್ದ ತಾಮ್ರದ ಸುರುಳಿಯನ್ನು ಕಿತ್ತು ಬುಟ್ಟಿಗೆಸೆದು, ಗಾಜನ್ನು ಚೂರುಮಾಡತೊಡಗಿದನು. ಪರದೆಯ ಒಳಮೈಗೆ ಬಳಿದಿದ್ದ ಪುಡಿ ಅವನ ಮುಂಗೈಗೂ ರೆಪ್ಪೆಗೂ ಅಂಟಿತ್ತು. ಮುಖಕ್ಕೆ ಬಟ್ಟೆಯಿರಲಿಲ್ಲ, ಕೈಗೆ ಚೀಲವಿರಲಿಲ್ಲ.

ಆ ಗಾಜು ಸಾಮಾನ್ಯವಾದುದಲ್ಲ. ಕೊಳವೆಯೊಳಗೆ ಹುಟ್ಟುವ ಕ್ಷಕಿರಣಗಳು ನೋಡುವವರನ್ನು ತಾಗದಿರಲೆಂದು ಹಿಂಭಾಗದ ಆಲಿಕೆಯಾಕಾರದ ಗಾಜಿನಲ್ಲಿ ಸೀಸವನ್ನು ಬೆರೆಸಿರುತ್ತಾರೆ. ತೂಕದ ಸುಮಾರು ಐದರಲ್ಲೊಂದು ಪಾಲು ಸೀಸದ ಆಕ್ಸೈಡೇ. ಸಂಸ್ಕೃತದಲ್ಲಿ ಸೀಸಕ್ಕೆ ನಾಗವೆಂದೂ ಹೆಸರುಂಟು. ಗಾಜು ಇಡಿಯಾಗಿರುವವರೆಗೆ ಈ ನಾಗ ಬುಟ್ಟಿಯೊಳಗಿನ ಹಾವು. ಪುಡಿಯಾದರೆ ಉಸಿರಿನೊಡನೆ ದೇಹಕ್ಕೂ, ಮಳೆಯ ನೀರಿನೊಡನೆ ಮಣ್ಣಿಗೂ ಇಳಿಯುತ್ತದೆ. ಎಳೆಯ ಮಕ್ಕಳ ಮೆದುಳಿಗೆ ಅದರಿಂದಾಗುವ ಕೇಡು ತಿರುಗಿ ಸರಿಹೋಗುವಂಥದಲ್ಲ. ಹಿಂದೆ ಈ ಗಾಜನ್ನು ಕರಗಿಸಿ ಹೊಸ ಕೊಳವೆಗಳನ್ನೇ ಮಾಡುತ್ತಿದ್ದರು. ಕೊಳವೆಗಳ ತಯಾರಿಕೆಯೇ ನಿಂತಮೇಲೆ ಅದಕ್ಕೆ ಗಿರಾಕಿಯಿಲ್ಲದಂತಾಯಿತು. ತಾಮ್ರಕ್ಕೆ ಬೆಲೆಯುಂಟು, ಗಾಜಿಗಿಲ್ಲ. ಎಲ್ಲ ತೊಂದರೆಯ ಮೂಲವೂ ಇದೇ ಎಂದು ನಮಗೆ ಆ ಕೇರಿಯಲ್ಲಿ ನಿಂತಾಗ ಮನವರಿಕೆಯಾಯಿತು.

ವ್ಯಾಪಾರಿಗೆ ನಮಸ್ಕರಿಸಿ ಪೆಟ್ಟಿಗೆಯನ್ನು ಹಿಂದಕ್ಕೆ ತಂದೆವು. ಅಳಿಯಂದಿರಿಗೆ ಇದು ಹಿಡಿಸಲಿಲ್ಲ. ಸರ್ಕಾರದ ಅನುಮತಿ ಪಡೆದು ಇಂಥ ಯಂತ್ರಗಳನ್ನು ಬಿಡಿಸುವ ಕಾರ್ಖಾನೆಯೊಂದು ತುಮಕೂರು ರಸ್ತೆಯ ದಾಬಸ್‌ಪೇಟೆಯ ಕಡೆ ಇದೆಯೆಂದು ತಿಳಿದು, ಮೊದಲೇ ಮಾತನಾಡಿಕೊಂಡು, ಮುಂದಿನ ವಾರ ಹೊರಟೆವು. ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರು. ನೆಲಮಂಗಲ ದಾಟಿದ ಬಳಿಕ ಶಿವಗಂಗೆಯ ಬೆಟ್ಟ ಕಾಣಿಸಿಕೊಳ್ಳುತ್ತದೆ. ಗಂಗಾಧರೇಶ್ವರನ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುವುದೆಂದು ನಂಬಿ ಭಕ್ತರು ಇಳಿಯುವ ಊರೂ ಇದೇ ದಾಬಸ್‌ಪೇಟೆ.

ಕಾರ್ಖಾನೆಯಲ್ಲಿ ಕೆಲಸದವರು ಮುಖವಾಡ, ಕೈಚೀಲ, ಕನ್ನಡಕಗಳನ್ನು ಧರಿಸಿದ್ದರು. ಮೊದಲು ಕೊಳವೆಯೊಳಕ್ಕೆ ಮೆಲ್ಲಗೆ ಗಾಳಿ ಬಿಡುತ್ತಾರೆ. ಬಳಿಕ ಕಾಯಿಸಿದ ತಂತಿಯನ್ನು ಸುತ್ತಿ, ಸೀಸದ ಹಿಂಗಾಜನ್ನೂ ಮುಂದಿನ ಪರದೆಯ ಗಾಜನ್ನೂ ಸೀಳಿ ಬೇರ್ಪಡಿಸುತ್ತಾರೆ. ಒಳಗಿನ ಪುಡಿಯನ್ನು ಯಂತ್ರದಿಂದ ಹೀರಿ ತೆಗೆಯುತ್ತಾರೆ. ಸುತ್ತಿಗೆಯ ಒಂದು ಪೆಟ್ಟಿನಿಂದ ಮುಗಿಯುವ ಕೆಲಸಕ್ಕೆ ಇಷ್ಟು ಹೊತ್ತು ಬೇಕಾದರೆ, ಜಾಲಿ ಮೊಹಲ್ಲಾದ ವ್ಯಾಪಾರಿ ಇದನ್ನೇಕೆ ಮಾಡಲಾರನೆಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ.

ನಮ್ಮ ಪೆಟ್ಟಿಗೆ ತಕ್ಕಡಿಯಲ್ಲಿ 43 ಕಿಲೋಗ್ರಾಂ ತೂಗಿತು. ಹಣವನ್ನು ಅವರು ಕೊಡಲಿಲ್ಲ, ಕೇಳಲೂ ಇಲ್ಲ. ಗಾಡಿಯ ಬಾಡಿಗೆ ನಮ್ಮದು. ತೂಕ ಬರೆದ ರಸೀದಿಯನ್ನು ಜೇಬಿನಲ್ಲಿಟ್ಟುಕೊಂಡು, ಗಾಡಿಯನ್ನು ಹಿಂದಕ್ಕೆ ಕಳುಹಿಸಿ, ಬಹಳ ಕಾಲದಿಂದ ಹೋಗಿರದಿದ್ದ ಶಿವಗಂಗೆಯ ಬಸ್ಸು ಹತ್ತಿದೆವು.