ಹಿಂಗಾಲಿಯ ತಾಪ

ಗಾಲಿಯ ಗುಂಬವನ್ನು ಮುಟ್ಟಿ ನೋಡುವ ಅಭ್ಯಾಸ ನನಗೆ ಬಂದದ್ದು ಯಂತ್ರಶಾಸ್ತ್ರದ ಗ್ರಂಥಗಳಿಂದಲ್ಲ. ಅಜ್ಜನ ಕಾಲದಿಂದಲೂ ನಮ್ಮ ಮನೆಯ ಗಾಡಿ ಹೊಡೆಯುತ್ತಿದ್ದ ಮುದುಕನಿಂದ. ಮೂಡಿಗೆರೆಯ ಕಡೆಗೆ ಮೂಟೆ ಹೇರಿಕೊಂಡು ಹೊರಟನೆಂದರೆ, ಏರು ಮುಗಿದೆಡೆಯಲ್ಲಿ ಎತ್ತುಗಳಿಗೆ ಉಸಿರು ತಿರುಗಿಸಿಕೊಳ್ಳಲು ಬಿಟ್ಟು, ಆತನು ಮೊದಲು ಗುಂಬದ ಮೇಲೆ ಅಂಗೈಯಿಡುವನು. ಬಿಸಿಯೆನಿಸಿದರೆ ಕಡೆಗೀಲನ್ನು ಕಿತ್ತು, ಗಾಡಿಯಡಿ ತೂಗುಬಿಟ್ಟ ಬಿದಿರ ಗೊಟ್ಟದಿಂದ ಕೀಲೆಣ್ಣೆಯನ್ನು, ಎಂದರೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಆ ಕಪ್ಪು ಲೇಪವನ್ನು, ಅಚ್ಚಿಗೆ ಬಳಿಯುವನು. ಗುಂಬವು ಅಚ್ಚಿನ ಮೇಲೆ ಉಜ್ಜಿಕೊಂಡೇ ತಿರುಗಬೇಕಾಗಿದ್ದ ಆ ವ್ಯವಸ್ಥೆಯಲ್ಲಿ ತಾಪಕ್ಕೆ ಕಾರಣವೂ ಒಂದೇ, ಚಿಕಿತ್ಸೆಯೂ ಒಂದೇ.

ಈ ಘರ್ಷಣೆಯನ್ನು ಗೆಲ್ಲಲು ಹೊರಟವರ ಪೈಕಿ ಹೆನ್ರಿ ಟಿಮ್ಕೆನ್ ಎಂಬವನೂ ಒಬ್ಬ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಸಾರೋಟುಗಳನ್ನು ಕಟ್ಟುತ್ತಿದ್ದ ಈತನು, ಒಂದು ತುದಿ ಕಿರಿದಾದ ಉಕ್ಕಿನ ಉರುಳೆಗಳನ್ನು ಬಳೆಯಾಕಾರದಲ್ಲಿ ಜೋಡಿಸಿದರೆ ಅವು ಮೇಲಿನ ಭಾರವನ್ನೂ ತಿರುವಿನಲ್ಲಿ ಬೀಳುವ ಅಡ್ಡನೂಕನ್ನೂ ಏಕಕಾಲಕ್ಕೆ ತಾಳಬಲ್ಲವೆಂದು ಕಂಡುಕೊಂಡು, 1898ರಲ್ಲಿ ಆ ಬೇರಿಂಗಿಗೆ ಸ್ವಾಮ್ಯಪತ್ರ ಪಡೆದನು. ಕುದುರೆಗಾಡಿಗಾಗಿ ಹುಟ್ಟಿದ ಈ ಉಪಾಯವೇ ಮೋಟಾರಿಗೂ ಒದಗಿತು. 1940ರಲ್ಲಿ ಅಮೆರಿಕದ ಸೈನ್ಯವು ನಾಲ್ಕು ಗಾಲಿಗಳಿಗೂ ಚಾಲನೆಯಿರುವ ಹಗುರವಾದ ವಾಹನವೊಂದನ್ನು ಬೇಡಿ, ಬ್ಯಾಂಟಮ್ ಸಂಸ್ಥೆಯವರು ಕಾರ್ಲ್ ಪ್ರೊಬ್ಸ್ಟನ ನಕ್ಷೆಯಂತೆ ಮೊದಲ ಮಾದರಿಯನ್ನು ಕೊಟ್ಟ ತರುವಾಯ, ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳಿಂದ ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳು ಹೊರಬಿದ್ದವು. ಅವುಗಳ ಹಿಂಗಾಲಿಯ ಒಂದೊಂದು ಗುಂಬದೊಳಗೂ ಅಂತಹ ಉರುಳೆ ಬೇರಿಂಗುಗಳು ಎರಡೆರಡು. ಯುದ್ಧಾನಂತರ ಸೈನ್ಯದವರು ವಿಲೇವಾರಿ ಮಾಡಿದ ಜೀಪುಗಳಲ್ಲಿ ಕೆಲವು ಮಲೆನಾಡಿನ ತೋಟಗಳಿಗೂ ಬಂದವು. ನಮ್ಮದು ಆ ಸಂತತಿಯದು.

ಕಾಫಿ ಕುಯ್ಲಿನ ಕಾಲದಲ್ಲೊಮ್ಮೆ ಈ ಜೀಪು ಹಿಂದಿನಿಂದ ಸುಟ್ಟ ವಾಸನೆಯನ್ನು ಬೀರತೊಡಗಿತು. ಇಳಿದು ಕೈಯಿಟ್ಟರೆ ಮುಂದಿನೆರಡು ಗುಂಬಗಳು ತಣ್ಣಗೆ, ಹಿಂದಿನೆರಡೂ ಕೈಯಿಡಲಾರದಷ್ಟು ಕಾದು, ಒಳಗಿನ ಗ್ರೀಸು ಕರಗಿ ಚಕ್ರದ ಮೇಲೆ ಜಿನುಗುತ್ತಿತ್ತು. ಗ್ರೀಸು ಕಂಡವರೆಲ್ಲ ಬೇರಿಂಗು ಹೋಯಿತೆಂದೇ ತೀರ್ಪಿತ್ತರು. ಆದರೆ ಮೇಸ್ತ್ರಿ ಒಪ್ಪಲಿಲ್ಲ. “ಅಲ್ಲ ಗೌಡ್ರೆ, ಎರಡು ಕಡೆ ಬೇರಿಂಗೂ ಮಾತಾಡ್ಕೊಂಡು ಒಂದೇ ದಿವ್ಸ ಕೆಡ್ತಾವಾ? ಸುಮ್ನೆ ಅದ್ರ ಮೇಲೆ ಗೂಬೆ ಕೂರಿಸ್ಬೇಡಿ” ಎಂದನು.

ಆತನ ತರ್ಕಸರಣಿ ನ್ಯಾಯಶಾಸ್ತ್ರದ ಪಂಡಿತರೂ ಮೆಚ್ಚತಕ್ಕಂತಹುದು. ಬ್ರೇಕಿನ ಡ್ರಮ್ಮು ಗುಂಬಕ್ಕೇ ಬಿಗಿದಿರುವುದರಿಂದ ಅಲ್ಲಿ ಹುಟ್ಟಿದ ಬಿಸಿಯೆಲ್ಲ ಗುಂಬಕ್ಕೆ ಹರಿಯುತ್ತದೆ; ಆದುದರಿಂದ ಶಂಕಿಸಬೇಕಾದದ್ದು ಬ್ರೇಕನ್ನು. ಹ್ಯಾಂಡ್‌ಬ್ರೇಕು ಹಿಡಿದುಕೊಂಡಿರಬಹುದೆಂದರೆ, ಈ ಜೀಪಿನಲ್ಲಿ ಅದು ಗಾಲಿಗಳನ್ನು ಹಿಡಿಯದೆ ಗೇರುಪೆಟ್ಟಿಗೆಯ ಹಿಂದಣ ದಂಡವನ್ನು ಹಿಡಿಯುತ್ತದೆ. ಮಾಸ್ಟರ್ ಸಿಲಿಂಡರಿನ ದೋಷವೆಂದರೆ, ಮುಂದಿನ ಗಾಲಿಗಳೂ ಕಾಯಬೇಕಾಗಿತ್ತು. ಹಾಗಾದರೆ ಹಿಂದಿನೆರಡಕ್ಕೇ ಸಮಾನವಾಗಿರುವ ವಸ್ತು ಯಾವುದು? ಚಾಸಿಯಿಂದ ಹಿಂದಿನ ಆಕ್ಸಲ್ಲಿಗೆ ಬ್ರೇಕ್ ಆಯಿಲನ್ನು ಒಯ್ಯುವ ಒಂದು ಗೇಣಿನ ರಬ್ಬರ್ ಹೋಸು.

ಜಾಕು ಕೊಟ್ಟು ಹಿಂಭಾಗವನ್ನು ಎತ್ತಿದರು. ಪೆಡಲನ್ನು ಒತ್ತಿ ಬಿಟ್ಟ ಮೇಲೆಯೂ ಗಾಲಿ ಕೈಗೆ ತಿರುಗಲಿಲ್ಲ. ಹೋಸಿನ ಮೇಲ್ತುದಿಯ ನಟ್ಟನ್ನು ಸಡಿಲಿಸಿದರೂ ಗಾಲಿ ಮಿಸುಕಲಿಲ್ಲ. ಬಳಿಕ ಗಾಲಿಯ ಹಿಂಬದಿಯ ನಿಪ್ಪಲನ್ನು ಕಾಲುಸುತ್ತು ತಿರುಗಿಸಿದ್ದೇ ತಡ, ಆಯಿಲು ಚಿಳ್ಳೆಂದು ಚಿಮ್ಮಿ, ಗಾಲಿ ತಾನಾಗಿ ಸಡಿಲಗೊಂಡಿತು. ಒತ್ತಡವು ಹೋಸಿನ ಕೆಳಗೇ ಸೆರೆಯಾಗಿದ್ದಿತು. ಆ ಹೋಸನ್ನು ಉದ್ದಕ್ಕೆ ಸೀಳಿದಾಗ, ಹೊರಗೆ ನಿರ್ದುಷ್ಟವಾಗಿ ಕಂಡ ರಬ್ಬರು ಒಳಗೆ ಊದಿಕೊಂಡು, ನಡುವಣ ರಂಧ್ರವು ಸೂಜಿಮೊನೆಯಷ್ಟಾಗಿತ್ತು. ಕಾಲಿನ ಬಲಕ್ಕೆ ಆಯಿಲು ಆಚೆ ನುಗ್ಗುತ್ತಿತ್ತು. ಹಿಂದಿರುಗಲು ಮಾತ್ರ ಅದಕ್ಕೆ ದಾರಿಯಿರಲಿಲ್ಲ. ಬೇರಿಂಗುಗಳನ್ನು ತೊಳೆದು ನೋಡಿದರೆ ಉರುಳೆಗಳು ನೀಲಿಗಟ್ಟದೆ ಬೆಳ್ಳಗೆ ಹೊಳೆಯುತ್ತಿದ್ದವು.

ಬೇರಿಂಗು ಎಂದೂ ತಪ್ಪಿತಸ್ಥನಾಗದೆಂದು ನಾನು ವಾದಿಸುತ್ತಿಲ್ಲ. ಒಂದೇ ಕಡೆ ಕಾದು, ಓಡುವಾಗ ಗುರ್ರೆಂದು, ಎತ್ತಿದ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಕಟಕಟನೆ ಆಡಿದರೆ ಅದು ಬೇರಿಂಗಿನದೇ. ನಟ್ಟನ್ನು ಅತಿಯಾಗಿ ಬಿಗಿದರೂ, ಗ್ರೀಸನ್ನು ಗುಂಬದ ತುಂಬ ಗಿಡಿದರೂ ಬಿಸಿಯೇರುವುದು. ಭಕ್ತಿ ಹೆಚ್ಚಾದ ಮಾಲಿಕರು ಈ ಎರಡನ್ನೂ ಮಾಡುವುದುಂಟು. ಕೆಲವು ವಾಹನಗಳಲ್ಲಿ ಹ್ಯಾಂಡ್‌ಬ್ರೇಕಿನ ಕೇಬಲ್ಲು ಹಿಂಗಾಲಿಯ ಶೂಗಳನ್ನೇ ಎಳೆಯುವುದರಿಂದ, ಕೆಸರು ಮಳೆಗಳಲ್ಲಿ ತುಕ್ಕು ಹಿಡಿದು ಹಿಂದಕ್ಕೆ ಸರಿಯದ ಆ ಕೇಬಲ್ಲನ್ನೇ ಅಲ್ಲಿ ಪ್ರಥಮತಃ ಸಂಶಯಿಸತಕ್ಕದ್ದು.

ಚಾರ್ಮಾಡಿಯಂತಹ ಘಟ್ಟವಿಳಿದಾಗ ಡ್ರಮ್ಮುಗಳು ಬಿಸಿಯಾಗುವುದು ಸಹಜ; ಅದನ್ನು ರೋಗವೆಂದು ಎಣಿಸಬೇಕಾಗಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಕೆಲವು ಮೈಲಿ ಬ್ರೇಕು ಮುಟ್ಟದೆ ಓಡಿಸಿ, ವಾಹನವು ತಾನಾಗಿ ನಿಂತ ಮೇಲೆ ನಾಲ್ಕು ಗಾಲಿಗಳಿಗೂ ಕೈ ತಾಗಿಸಿ ಹೋಲಿಸಿದರೆ ನಿಜಸ್ಥಿತಿ ತಿಳಿಯುತ್ತದೆ. ಓದುಗರಲ್ಲಿ ಇನ್ನೊಂದೇ ವಿಜ್ಞಾಪನೆ: ಗಾಲಿ ಎಷ್ಟೇ ಕಾದಿರಲಿ, ಗಾಬರಿಯಿಂದ ಹಳ್ಳದ ನೀರು ತಂದು ಹುಯ್ಯಬೇಡಿ, ಎರಕದ ಡ್ರಮ್ಮು ಬಿರಿಯುವುದುಂಟು.