ಇಲ್ಲೇ ಹೋಗಿ ಬತ್ತಿ

ನಮ್ಮ ಕಡೆಯ ‘ಇಲ್ಲೇ’ ಎಂಬ ಮಾತಿಗೆ ನಿಘಂಟಿನ ಅರ್ಥ ಸಾಲದು. ಕನ್ನಡ ಪಾಠ ಹೇಳಿಯೇ ಹೊಟ್ಟೆ ಹೊರೆಯುವ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಇಸಳೂರಿನಲ್ಲಿ ಅಂಗಳದ ತುಳಸಿಕಟ್ಟೆಯೂ ಇಲ್ಲೇ, ಹಾಲು ಹಾಕುವ ಡೇರಿಯೂ ಇಲ್ಲೇ, ಅಡಿಕೆ ಮಾರುವ ಶಿರಸಿ ಪೇಟೆಯೂ ಇಲ್ಲೇ. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ “ಇಲ್ಲೇ ಹೋಗಿ ಬತ್ತಿ” ಎನ್ನುತ್ತಾರೆ. ಕೇಳಿದವರಿಗೂ ಅಷ್ಟರಿಂದಲೇ ಸಮಾಧಾನ. ಜನ ನಡೆದು ಹೋಗುತ್ತಿದ್ದ ಕಾಲಕ್ಕೆ ಈ ಮಾತಿನಿಂದ ಯಾರಿಗೂ ಕೇಡಿರಲಿಲ್ಲ. ಈಗ ಅದಕ್ಕೆ ಎರಡು ಚಕ್ರ ಬಂದಿವೆ.

ಇಲ್ಲೇ ಹೋಗುವವನಿಗೆ ಹೆಲ್ಮೆಟ್ಟು ಬೇಡ. ಲೈಸೆನ್ಸು ಬೇಡ. ವಯಸ್ಸಂತೂ ಬೇಡವೇ ಬೇಡ. ಸೀಟಿನ ಮೇಲೆ ಕೂತರೆ ಕಾಲು ನೆಲಕ್ಕೆ ಮುಟ್ಟಬೇಕು, ಅಷ್ಟೆ. ಪಟ್ಟಣದವರು ಇದನ್ನು ಓದಿ ಮೂಗು ಮುರಿಯಬಾರದು. ಡಾಂಬರು ರಸ್ತೆಯಿಂದ ಒಳಗೆ, ತೋಟದ ತಲೆಯ ಮೇಲೆ ಒಂದೊಂದೇ ಮನೆ. ಸಂಜೆಯ ಬಸ್ಸು ತಪ್ಪಿದರೆ ತಪ್ಪಿದಂತೆಯೇ. ಮದ್ದು ತರುವುದಕ್ಕೂ ಭಟ್ಟರನ್ನು ಕರೆಯುವುದಕ್ಕೂ ಮನೆಯಲ್ಲಿ ಚುರುಕಾಗಿ ಓಡಾಡುವವನು ಆ ಹುಡುಗ ಒಬ್ಬನೇ.

ಕಾಯಿದೆ ನನಗೆ ತಿಳಿಯದ್ದಲ್ಲ. 1988ರ ಮೋಟಾರು ವಾಹನ ಕಾಯಿದೆಯಂತೆ 18 ತುಂಬದೆ ಇಂಥ ಗಾಡಿ ಓಡಿಸುವಂತಿಲ್ಲ. 16ಕ್ಕೆ ಸಿಕ್ಕುವ ರಿಯಾಯಿತಿ 50 ಸಿ.ಸಿ. ಮೀರದ ಎಂಜಿನ್ನಿಗೆ ಮಾತ್ರ. 2019ರ ತಿದ್ದುಪಡಿಯಂತೂ ನೇರವಾಗಿ ನಮ್ಮಂಥವರ ಕೈಯನ್ನೇ ಹಿಡಿಯಿತು. ಹುಡುಗ ತಪ್ಪು ಮಾಡಿದರೆ ಪಾಲಕನಿಗೋ ಗಾಡಿಯ ಒಡೆಯನಿಗೋ 3 ವರ್ಷದವರೆಗೆ ಸೆರೆಮನೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸಿಲ್ಲ. ಇದನ್ನೆಲ್ಲ ನಾನು ತರಗತಿಯಲ್ಲಿ ಗಂಟಲು ಬಿಗಿದು ಹೇಳಿದ್ದುಂಟು. ಅದೇ ವಾರ, ಮನೆಗೆ ಬಂದ ನೆಂಟರ ಕಾಫಿಗೆ ಸಕ್ಕರೆ ಇಲ್ಲವೆಂದು ಗೊತ್ತಾದಾಗ, ನಮ್ಮಲ್ಲಿದ್ದು ಓದುತ್ತಿದ್ದ ಹದಿನಾರು ವರ್ಷದ ಸೋದರಳಿಯನತ್ತ ಸ್ಕೂಟರಿನ ಕೀಲಿ ಎಸೆದವನೂ ನಾನೇ. ಅವನು ಅದನ್ನು ಗಾಳಿಯಲ್ಲೇ ಹಿಡಿದ. ಹೆಲ್ಮೆಟ್ಟು ಜಗಲಿಯ ಗೂಟದಲ್ಲಿ ತೂಗುತ್ತಿತ್ತು.

ಆಶ್ಲೇಷಾ ಮಳೆ ಹಿಡಿದಿದ್ದ ದಿನಗಳು. ನಮ್ಮ ಇಳಿಜಾರಿನ ಸಿಮೆಂಟು ದಾರಿಯ ಮೇಲೆ ಮರಗಳ ನೆರಳು. ಮಳೆಗಾಲ ಮುಗಿಯುವವರೆಗೂ ಅಲ್ಲಿ ಹಸುರು ಹಾವಸೆ. ತಿರುವಿನಲ್ಲಿ ಯಾರದೋ ಕರು ಅಡ್ಡ ಬಂತು, ಇವನು ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದ. ಕುತ್ತಿಗೆಯ ಪಕ್ಕದ ಎಲುಬು ಮುರಿಯಿತು. ಮರುದಿನ ನಾನು ಅಲ್ಲಿಗೆ ಹೋಗಿ ನೋಡಿದೆ. ಅವನ ತಲೆ ತಾಗಿದ ಕೆಸರಿನ ಗುರುತಿಗೂ ಪಾಗಾರದ ಚಿರೆಕಲ್ಲಿಗೂ ನಡುವೆ ನನ್ನ ಒಂದು ಗೇಣು. ಎರಡು ಸಲ ಅಳೆದೆ. ಅಕ್ಕನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ, ಗೇಣಿನ ವಿಷಯ ಮಾತ್ರ ಹೇಳಲಿಲ್ಲ.

“ಜಾರುವ ದಾರಿಯಲ್ಲಿ ಮುಂದಿನ ಬ್ರೇಕು ಹಾಗೆ ಹಿಡಿಯುತ್ತಾರೇನೋ?” ಎಂದು ಗದರಿದೆ. “ಹೇಗೆ ಹಿಡಿಯಬೇಕೆಂದು ಯಾರೂ ಹೇಳಲಿಲ್ಲವಲ್ಲ, ಮಾವ” ಎಂದ. ಅದರಲ್ಲಿ ಆಕ್ಷೇಪಣೆ ಇರಲಿಲ್ಲ, ಇದ್ದದ್ದನ್ನು ಹೇಳಿದ ಅಷ್ಟೆ. ನಿಜವೇ. ಅಡಿಕೆ ಮರ ಹತ್ತುವುದಕ್ಕೆ ನಮ್ಮಲ್ಲಿ ಕಲಿಕೆಯುಂಟು, ಚಂಡೆ ಬಾರಿಸುವುದಕ್ಕೆ ಗುರುವುಂಟು. ಗಾಡಿಯನ್ನು ಮಾತ್ರ ಹುಡುಗರು ನಮ್ಮ ಬೆನ್ನ ಹಿಂದೆ ಕೂತು ನೋಡಿಯೇ ಕಲಿಯುತ್ತಾರೆ. ಅವನು ನನ್ನ ಹಿಂದೆ ಕೂತು ಏನು ನೋಡಿದ್ದನೆಂದು ಯೋಚಿಸಿದೆ. ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡ ಫೋನು. ತಿರುವಿನಲ್ಲಿ ಹಾರನ್ನಿನ ಭರವಸೆಯ ಮೇಲೆ ನುಗ್ಗುವುದು.

ಆ ವರ್ಷ ವಿರಾಟಪರ್ವದ ಪಾಠ ಮಾಡುವಾಗ ನನಗೆ ಎಂದಿನ ಉತ್ಸಾಹ ಬರಲಿಲ್ಲ. ಉತ್ತರಕುಮಾರನ ಪೌರುಷಕ್ಕೆ ತರಗತಿ ನಗುತ್ತದೆ, ನಾನೂ ನಗಿಸುತ್ತೇನೆ. ಕೌರವರ ಸೇನೆ ಕಂಡು ರಥದಿಂದ ಹಾರಿ ಓಡಿದ ಅದೇ ಹುಡುಗ ಆಮೇಲೆ ಹಗ್ಗ ಹಿಡಿದು ರಥ ನಡೆಸಿದ, ಆಗ ಹಿಂದೆ ನಿಂತವನು ಅರ್ಜುನ, ಎಂಬುದನ್ನು ನಾವು ಯಾರೂ ನೆನೆಯುವುದಿಲ್ಲ. ಓಡಿದವನನ್ನು ಹಿಡಿದು ತಂದು, ಧೈರ್ಯ ಹೇಳಿ, ಆಮೇಲೆ ಕೊಟ್ಟ ಹಗ್ಗ ಅದು.

ಹದಿನೆಂಟು ತುಂಬುವವರೆಗೆ ಕೀಲಿ ನನ್ನ ಪೆಟ್ಟಿಗೆಯಲ್ಲಿ ಉಳಿಯಿತು. ಡೇರಿಗೆ ನಾನೇ ಹೋದೆ, ಎಷ್ಟೋ ದಿನ ಕಾಫಿಗೆ ಬೆಲ್ಲವೇ ಸಾಕಾಯಿತು. ಕಲಿಯುವವರ ಲೈಸೆನ್ಸು ಬಂದ ದಿನ ಅವನನ್ನು ಮುಂದೆ ಕೂರಿಸಿ ನಾನು ಹಿಂದೆ ಕೂತೆ. ಮುದುಕರು ಕಟ್ಟೆಯ ಮೇಲಿಂದ ನಕ್ಕರು. ಒಂದು ಅಡಿಕೆ ಹಾಳೆಯನ್ನು ರಸ್ತೆಯಲ್ಲಿಟ್ಟು ಅಲ್ಲಿಂದ 11 ಮೀಟರು ಅಳೆದು ತೋರಿಸಿದೆ. ಗಂಟೆಗೆ 40 ಕಿಲೋಮೀಟರಿನಲ್ಲಿ, ಕಣ್ಣು ಕರುವನ್ನು ಕಂಡು ಕೈ ಬ್ರೇಕು ಮುಟ್ಟುವುದರೊಳಗೆ, ಆ ಒಂದು ಸೆಕೆಂಡಿನಲ್ಲಿ ಗಾಡಿ ಅಷ್ಟು ದೂರ ಸುಮ್ಮನೆ ಓಡಿರುತ್ತದೆ. ನಿಲ್ಲುವ ಮಾತು ಆಮೇಲಿನದು. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ನಾಲ್ಮಡಿ. ಅವನು ಹಾಳೆಯನ್ನೂ ನನ್ನನ್ನೂ ನೋಡಿ, “ಅಷ್ಟು ಜಾಗ ಆ ತಿರುವಿನಲ್ಲಿ ಎಲ್ಲುಂಟು ಮಾವ?” ಎಂದ. ನನ್ನ ಉಪನ್ಯಾಸ ಅಲ್ಲಿಗೆ ಮುಗಿಯಿತು.

ಕಳೆದ ವಾರ ಬೆಳಿಗ್ಗೆ ಪೇಪರು ತರಲೆಂದು ನಾನು ಸ್ಕೂಟರು ಹೊರಗೆ ತೆಗೆದೆ. ಎಲ್ಲಿಗೆ ಎಂದು ಒಳಗಿನಿಂದ ಕೇಳಿದ. ಬಾಯಿ ಅಭ್ಯಾಸದಂತೆ “ಇಲ್ಲೇ” ಎಂದಿತು. ಅವನು ಜಗಲಿಗೆ ಬಂದ, ಗೂಟದಿಂದ ಹೆಲ್ಮೆಟ್ಟು ತೆಗೆದ, ಅದರೊಳಗೆ ಸೇರಿದ್ದ ಜೇಡನನ್ನು ಊದಿ ಓಡಿಸಿ ನನ್ನ ಕೈಗೆ ಕೊಟ್ಟ.

“ಇಲ್ಲೇ ಅಂದರೆ ಎಲ್ಲಿ, ಮಾವ?”