ಎಂಟಾಣೆ ಬೆಳೆ

ಅಜ್ಜಂಪುರದ ಸಂತೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಈ ಸಲದ ಈರುಳ್ಳಿ ಹೇಗೆ ಎಂದು ಕೇಳಿ. ಎಕರೆಗೆ ಎಷ್ಟು ಚೀಲ ಎಂಬ ಲೆಕ್ಕ ಆಮೇಲೆ. ಮೊದಲು ಬರುವುದು, "ಎಂಟಾಣೆ ಬೆಳೆ ಕೈಗೆ ಸಿಕ್ರೆ ಪುಣ್ಯ ಕಣಣ್ಣ" ಎಂಬ ಮಾತು. ಹೇಳುವವನು ಬೈಕಿನ ಮೇಲೆ ಕೂತ ಹುಡುಗ. ಆಣೆಯ ನಾಣ್ಯವನ್ನು ಅವನಿರಲಿ, ಅವನಪ್ಪನೂ ಚಲಾಯಿಸಿದವನಲ್ಲ.

ಕಂದಾಯದವರದ್ದೂ ಇದೇ ಭಾಷೆಯಾಗಿತ್ತು. ತುಂಬಿದ ಬೆಳೆಯೆಂದರೆ ಹದಿನಾರಾಣೆ. ಅದರಲ್ಲಿ ಎಷ್ಟಾಣೆ ಬಂತೆಂದು ಅಂದಾಜು ಕಟ್ಟುವುದೇ ಆಣೆವಾರಿ. ಮುಂಗಾರು ಬಾಬಾಬುಡನ್‌ಗಿರಿಯ ಆಚೆಗೇ ಸುರಿದು ಮುಗಿಸಿ, ಉಳಿದದ್ದನ್ನು ಕಡೂರಿನ ಕಡೆಗೆ ಕಳಿಸುತ್ತದೆ. ಹಾಗಾಗಿ ಇಲ್ಲಿ ಹದಿನಾರಾಣೆ ಎಂಬುದು ಸತ್ಯಕ್ಕೆ ಮೀಸಲು; ಬೆಳೆಗೆ ಆ ಭಾಗ್ಯ ಅಪರೂಪ.

ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಕಾಸು. ನಾಲ್ಕು ಬೆರಳಿನ ಹನ್ನೆರಡು ಗೆಣ್ಣು ಎಣಿಸಿದರೆ ಆಣೆ ತುಂಬುತ್ತಿತ್ತು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದು ಈ ಲೆಕ್ಕ ಕೆಡಿಸಿತು. ನಾಲ್ಕಾಣೆಗೆ 25, ಎಂಟಾಣೆಗೆ 50, ಸರಿ. ಒಂದಾಣೆಗೆ? ಆರೂಕಾಲು ಪೈಸೆ! ಕಾಲು ಪೈಸೆಯನ್ನು ಯಾವ ಟಂಕಸಾಲೆಯೂ ಹೊಡೆಯಲಿಲ್ಲವಾದ್ದರಿಂದ ಸರ್ಕಾರದ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಕ್ಕೆ 12, ಮೂರಕ್ಕೆ 19 ಎಂದಾಯಿತು. ನಾಲ್ಕಾಣೆಯ ಎಲೆಅಡಿಕೆಯನ್ನು ಆಣೆ ಆಣೆಯಾಗಿ ನಾಲ್ಕು ಸಲ ತಂದರೆ ಒಂದು ಪೈಸೆ ಉಳಿತಾಯ. ತರೀಕೆರೆಯ ನಮ್ಮಜ್ಜಿ ದಿನಕ್ಕೆ ಅಷ್ಟು ಸಲ ಮೊಮ್ಮಕ್ಕಳನ್ನು ಅಂಗಡಿಗೆ ಓಡಿಸುತ್ತಿದ್ದುದರ ಹಿಂದೆ ಈ ಲೆಕ್ಕವೇ ಇತ್ತೆಂಬುದು ನನ್ನ ಗುಮಾನಿ. ಅಂಗಡಿಯವನಿಗೂ ಅದೇ ಗುಮಾನಿ ಇದ್ದಿರಬೇಕು. ಕೊಡುವಾಗ ಅವನ ಮುಖ ಗಂಟಿಕ್ಕಿರುತ್ತಿತ್ತಂತೆ.

ಪಾಪ, ನಯಾಪೈಸೆಗೆ ಆಣೆಯ ಹೆಸರನ್ನು ಅಳಿಸಲಾಗಲಿಲ್ಲ. ಇಪ್ಪತ್ತೈದು ಪೈಸೆಯ ಬಿಲ್ಲೆಯನ್ನು 2011ರ ಜೂನ್ 30ಕ್ಕೆ ಚಲಾವಣೆಯಿಂದ ತೆಗೆದರು; ಅಲ್ಲಿಯವರೆಗೂ ಜನ ಅದನ್ನು ಕರೆದದ್ದು ನಾಲ್ಕಾಣೆ ಎಂದೇ.

ದೊಡ್ಡ ನಾಣ್ಯಗಳ ಪಾಡು ಇನ್ನೂ ಕಷ್ಟ. ಪಕ್ಕದ ಅಮೃತಾಪುರದಲ್ಲಿ 1196ರಲ್ಲಿ ಅಮೃತೇಶ್ವರ ದಂಡನಾಯಕ ಗುಡಿ ಕಟ್ಟಿಸಿದಾಗ ಹೊಯ್ಸಳರ ಸೀಮೆಯಲ್ಲಿ ಗದ್ಯಾಣದ ಲೆಕ್ಕ. ಆಮೇಲೆ ವರಹ. ಇವತ್ತು ಗದ್ಯಾಣ ಶಾಸನ ಓದುವವರಿಗೆ, ವರಹ ಹರಿಕಥೆಯವರಿಗೆ. ಮೈದುನನನ್ನು ಬೈಯಬೇಕಾದರೆ ಅವೆರಡೂ ಕೆಲಸಕ್ಕೆ ಬಾರವು. ಮೂರು ಕಾಸೇ ಬೇಕು. ಚಿಕ್ಕಾಸು, ಬಿಡಿಗಾಸು, ಕುರುಡುಗಾಸು, ಕವಡೆಕಾಸು — ಜಿಪುಣನಿಗೊಂದು, ಬಡವನಿಗೊಂದು, ಸಾಲಗಾರನಿಗೊಂದು. ಬೀರೂರಿನಲ್ಲಿ ತರಕಾರಿ ಕೊಳ್ಳುವಾಗ ನಾಲ್ಕು ಹಸಿಮೆಣಸಿನಕಾಯಿ ಮೇಲೆ ಕೇಳಿದರೆ "ಕಾಸಿಗೊಂದು ಕೊಸರಿಗೆರಡು" ಅನ್ನಿಸಿಕೊಳ್ಳುವುದು ಈಗಲೂ ಗ್ಯಾರಂಟಿ.

ಸ್ಕಾಟ್ಲೆಂಡಿನವರದೂ ಇದೇ ಕಥೆ. 1707ರಲ್ಲಿ ಇಂಗ್ಲೆಂಡಿನ ಜೊತೆ ಒಂದಾದ ಮೇಲೆ ಅವರು ಸ್ವಂತ ನಾಣ್ಯ ಕಳೆದುಕೊಂಡರು. ಬಾಬೀ ಎಂಬ ಪುಡಿಗಾಸು ಮಾತ್ರ ಹಾಡಿನಲ್ಲೂ ಹರಟೆಯಲ್ಲೂ ಉಳಿದುಕೊಂಡಿತು.

ನಮ್ಮಲ್ಲಿ ಮೈಮೇಲೂ ಉಳಿದದ್ದುಂಟು. ಯುದ್ಧದ ಕಾಲದಲ್ಲಿ ಲೋಹ ಉಳಿಸಲೆಂದು 1943ರಿಂದ ಆಗಿನ ಹಳೇ ಪೈಸೆಯ ನಡುವೆ ದೊಡ್ಡ ತೂತು ಕೊರೆದರು. ಒಂದು ಮಗ್ಗುಲಿಗೆ ಕಿರೀಟ, ಇನ್ನೊಂದಕ್ಕೆ ತೂತಿನ ಸುತ್ತ ಎಲೆಬಳ್ಳಿ. ಉಡಿದಾರಕ್ಕೆ ಪೋಣಿಸಲು ಇದಕ್ಕಿಂತ ಬೇಕೆ? ನಮ್ಮ ಮನೆಯದು ಮೂರು ತಲೆಮಾರಿನ ಸೊಂಟ ಕಂಡಿದೆ. ಕಿರೀಟ ಸವೆದು ನುಣ್ಣಗಾಗಿದೆ, ಬಳ್ಳಿ ಇನ್ನೂ ಉಗುರಿಗೆ ಸಿಗುತ್ತದೆ.

ಇಷ್ಟೆಲ್ಲ ಆದರೂ ನಿಜವಾಗಿ ಚಲಾವಣೆಯಲ್ಲಿರುವ ಆಣೆ ಒಂದಿದೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಒಂದಾಣೆ ನೆಲವೆಂದರೆ ಸುಮಾರು 68 ಚದರಡಿ, ಎರಡು ಮಂಚ ಹಾಕುವಷ್ಟು. ಕಡೂರಿನ ಹತ್ತಿರ ಅಣ್ಣತಮ್ಮಂದಿರಿಬ್ಬರು ಸರ್ವೆಯವರನ್ನು ಕರೆಸಿ ತೋಟದ ಬದು ಅಳೆಸುತ್ತಿದ್ದರು. ಮೂರಾಣೆ ಜಾಗ ಅಣ್ಣನ ಕಡೆಗೆ ಹೋಯಿತು. "ಮೂರಾಣೆ ತಾನೆ, ಹೋದ್ರೆ ಹೋಗ್ಲಿ ಬಿಡೋ" ಎಂದರು ಪಂಚಾಯ್ತಿಗೆ ಬಂದಿದ್ದ ಹಿರಿಯರು.

"ಆ ಮೂರಾಣೆ ಒಳಗೇ ಐತಲ್ಲ ದೊಡ್ಡಪ್ಪ, ತೆಂಗಿನ ಮರ" ಎಂದ ತಮ್ಮ.